ಗಿಡ್ಡ ಹಲಗೆ

"ಬೆಳಿಗ್ಗೆಯಿಂದ ಗಿಡ್ಡ ಹಲಗೆ ಸದ್ದು ಮಾಡ್ತಿದೆ ಸ್ವಾಮಿ," ಎಂದ ಬಡಗಿ ಬೋಯೆ, ಹೊಸ್ತಿಲಾಚೆಯೇ ನಿಂತು. "ಮಗು ಹೇಗಿದೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಹಾರ್ಕ್‌ಸೆನ್‌ನ ಕೈಯಲ್ಲಿದ್ದ ಲೇಖನಿ ಅಲ್ಲೇ ನಿಂತಿತು. ಸಾವು ಬರುವ ಮುಂಚೆ ಬಡಗಿಯ ಮನೆಯಲ್ಲಿ ಶವಪೆಟ್ಟಿಗೆಯ ಹಲಗೆ ತಾನಾಗಿ ಬಡಿದುಕೊಳ್ಳುತ್ತದೆಂದು ಆ ಕಡಲತೀರದವರ ನಂಬಿಕೆ. ದೊಡ್ಡವರಿಗೆ ಉದ್ದನೆಯದು, ಮಕ್ಕಳಿಗೆ ಗಿಡ್ಡನೆಯದು. ಊರಿನ ನ್ಯಾಯಾಧೀಶನೂ ಬಿಡುವಿನಲ್ಲಿ ಕತೆಗಾರನೂ ಆದ ಹಾರ್ಕ್‌ಸೆನ್ ಅದನ್ನು ನಂಬುತ್ತಿರಲಿಲ್ಲ. ನಂಬದಿದ್ದರೇನು, ಕತೆಗೆ ಒಳ್ಳೆಯ ಸರಕು. ಬರ್ಲಿನ್ನಿನ ಮಾಸಪತ್ರಿಕೆಯಲ್ಲಿ ಬರುತ್ತಿದ್ದ ಅವನ ಕತೆಯಲ್ಲಿ ಕಳೆದ ತಿಂಗಳೇ ಹಲಗೆ ಬಡಿದಾಗಿತ್ತು. ಕೊನೆಯ ಕಂತಿನಲ್ಲಿ ಹುಡುಗಿಯೊಬ್ಬಳು ಸಾಯಬೇಕು. ಅವಳಿಗೆ ತನ್ನ ಮಗಳು ಗೇಶೆಯ ಕಂದು ಜಡೆ, ಅಂಗಿಯ ದಾರ ಕಚ್ಚುವ ಚಾಳಿ ಎಲ್ಲವನ್ನೂ ಕೊಟ್ಟುಬಿಟ್ಟಿದ್ದ. ಆ ಸಾವನ್ನು ಬರೆದು ಮುಗಿಸಿದ್ದು ಮೊನ್ನೆ. ಗೇಶೆ ಜ್ವರ ಹತ್ತಿ ಮಲಗಿದ್ದೂ ಮೊನ್ನೆಯೇ.

ಅಂಚೆಬಂಡಿ ನಾಲ್ಕಕ್ಕೆ ಹೊರಡುತ್ತಿತ್ತು. ವೈದ್ಯರು ಕೈಚೆಲ್ಲಿದರೆಂದು ಹೆಂಡತಿ ವೀಬ್ಕೆ ಒಳಗಿನಿಂದ ಹೇಳಿದಳು. ಅವನು ಕೊನೆಯ ಹಾಳೆಗಳನ್ನು ಒಲೆಗೆ ಹಾಕಿ ಮತ್ತೆ ಬರೆಯಲು ಕೂತ. ಹುಡುಗಿ ಬದುಕಿದಳು. ಆದರೆ ಹಲಗೆ ಬಡಿದದ್ದು ಅಚ್ಚಾಗಿತ್ತು, ಯಾರಾದರೂ ಸಾಯಲೇಬೇಕಿತ್ತು. ಕತೆಯಲ್ಲೊಬ್ಬ ಬಡಗಿಯಿದ್ದ, ಬೋಯೆಯಂತೆಯೇ ಹಾಯಿಕಂಬದಷ್ಟು ಎತ್ತರ, ಎಡಗೈಯಲ್ಲಿ ನಾಲ್ಕೇ ಬೆರಳು. ಅವನನ್ನು ಸಾಯಿಸಿದ. ಕೈ ಒಂದು ಸಲವೂ ತಡವರಿಸಲಿಲ್ಲ. ಲಕೋಟೆ ಬಂಡಿಯೇರಿತು.

ಬೆಳಗಾಗುವಷ್ಟರಲ್ಲಿ ಜ್ವರ ಬಿಟ್ಟಿತ್ತು. ಗೇಶೆ ಬೆಣ್ಣೆ ಸವರಿದ ರೊಟ್ಟಿ ಕೇಳಿದಳು. ವೀಬ್ಕೆ ಅತ್ತಳು, ನ್ಯಾಯಾಧೀಶನೂ ನಾಚಿಕೆ ಬಿಟ್ಟು ಅತ್ತ.

ಮಧ್ಯಾಹ್ನ ಮಂಜಿನೊಳಗಿಂದ ಬೋಯೆ ಬಂದ, ಮಗುವಿಗೆಂದು ಕೆತ್ತಿದ ಮರದ ಬಾತುಕೋಳಿ ಹಿಡಿದು.

"ಗಿಡ್ಡದ್ದು ನಿನ್ನೆ ನಾಲ್ಕಕ್ಕೇ ಸುಮ್ಮನಾಯ್ತು ಸ್ವಾಮಿ," ಎಂದು ನಕ್ಕ. "ಈಗ ಉದ್ದಂದು ಶುರುವಾಗಿದೆ. ಅಳತೆ ಹಿಡಿದು ನೋಡಿದೆ. ನಮ್ಮೂರಲ್ಲಿ ಅಷ್ಟುದ್ದದ ಆಳು ಯಾರಿದ್ದಾರೆ, ನೀವೇ ಹೇಳಿ."

ಹಾರ್ಕ್‌ಸೆನ್ ಕಿಟಕಿಯಾಚೆ ನೋಡಿದ. ಬರ್ಲಿನ್ನಿಗೆ ಒಂದು ತಂತಿ ಕಳಿಸಿದರೆ ಅಚ್ಚು ನಿಲ್ಲುತ್ತಿತ್ತು. ತಂತಿ ಕಚೇರಿ ಎದುರು ಬೀದಿಯಲ್ಲೇ ಇತ್ತು. ಒಳಗೆ ಗೇಶೆ ಇನ್ನೊಂದು ರೊಟ್ಟಿ ಬೇಕೆಂದು ಹಟ ಹಿಡಿದಿದ್ದಳು.

"ಕೂತ್ಕೋ ಬೋಯೆ," ಎಂದ. "ಕಾಫಿ ಕುಡಿದು ಹೋಗು."

ಬಡಗಿ ಕುಡಿದು ಹೋದ. ಅವನ ತೋಳಿನಿಂದ ಉದುರಿದ್ದ, ಹಲಗೆ ಕೀಸಿದ ಸುರುಳಿಯೊಂದನ್ನು ಗೇಶೆ ಹೆಕ್ಕಿ ಉಂಗುರದಂತೆ ಬೆರಳಿಗೆ ತೊಟ್ಟು ಅಪ್ಪನಿಗೆ ತೋರಿಸಿದಳು. ಅದು ಈಗಷ್ಟೇ ಕೀಸಿದ್ದು, ಹಸಿಮರದ ವಾಸನೆ ಇನ್ನೂ ಹೋಗಿರಲಿಲ್ಲ.