ಸೋಮವಾರದ ಸೊನ್ನೆ

ಸೋಮವಾರವೇ ಹೋಗೋಣ ಎಂದವಳು ಅನುಷಾಳೇ. ಆ ಮಾತನ್ನು ಇನ್ಯಾರ ತಲೆಗೂ ಕಟ್ಟುವಂತಿಲ್ಲ.

ಚಿತ್ರದುರ್ಗದ ಒಂದು ಆಹಾರ ಅಧ್ಯಯನ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಅಂಗಡಿಯಲ್ಲಿ ಮಾಲೆಯಂತೆ ನೇತುಹಾಕಿರುವ ಕೆಂಪು ಕುರುಕಲು ಪ್ಯಾಕೆಟ್ಟನ್ನು ಹಳ್ಳಿಯ ಮಕ್ಕಳು ದಿನಕ್ಕೆ ಎಷ್ಟು ತಿನ್ನುತ್ತಾರೆ, ಅದರ ಬಣ್ಣ ಎಷ್ಟು ಹೊಟ್ಟೆಗೆ ಹೋಗುತ್ತದೆ ಎಂದು ಆ ವರ್ಷ ಕಂಡುಹಿಡಿಯಬೇಕಿತ್ತು. ಅಧ್ಯಯನ ಮಾಡಿಸುತ್ತಿದ್ದವರು ಅದೇ ತಿಂಡಿಯ ಕಂಪನಿಯವರು. ಮಕ್ಕಳು ತಿನ್ನುವುದು ಕಡಿಮೆ ಎಂದು ತೋರಿಸಿಕೊಟ್ಟರೆ, ಪ್ಯಾಕೆಟ್ಟಿಗೆ ಇನ್ನಷ್ಟು ಬಣ್ಣ ಹಾಕಲು ಸರ್ಕಾರ ಒಪ್ಪುತ್ತದೆಂಬ ಆಸೆ ಅವರಿಗೆ. ಪರೀಕ್ಷೆ ಬರೆಯುವ ಹುಡುಗನೇ ಪ್ರಶ್ನೆಪತ್ರಿಕೆ ತಯಾರಿಸಿದ ಹಾಗೆ. ಆದರೂ ಸಂಸ್ಥೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಮೊದಲ ವಾರ ಸಿರಿಗೆರೆ ಕಡೆಯ ಹಳ್ಳಿಗಳಲ್ಲಿ ಬೀಗ ನೋಡಿಕೊಂಡು ಬಂದದ್ದೇ ಆಯಿತು. ಎಲ್ಲರೂ ಹೊಲದಲ್ಲಿ. ಅನುಷಾ ಯಲ್ಲದಕೆರೆ ಎಂಬ ಹಳ್ಳಿಯ ಹುಡುಗಿ. ಬಸವಣ್ಣನ ವಾರವೆಂದು ಸೋಮವಾರ ಎತ್ತು ಹೂಡುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ಸೋಮವಾರ ಸಂಜೆ ಹೋದ್ರೆ ಎಲ್ರೂ ಮನೇಲೇ ಸಿಗ್ತಾರೆ ಸರ್."

ಮೇಲಧಿಕಾರಿ ಗುರುರಾಜ್ ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದರು. "ಒಳ್ಳೆ ಮಾತು ಹೇಳಿದೆ ಕಣಮ್ಮ. ಶ್ರಾವಣ ಬರ್ಲಿ, ನಾಕೂ ಸೋಮವಾರ ಹೋಗ್ಬಾ."

ಶ್ರಾವಣವೇ ಯಾಕೆ ಎಂದು ಅವಳು ಕೇಳಲಿಲ್ಲ. ಹೊಗಳಿಕೆ ಕಿವಿ ತುಂಬಿತ್ತು.

ಮೊದಲ ಸೋಮವಾರ ಕೊಟ್ರಮ್ಮ ಎಂಬಾಕೆಯ ಮನೆಗೆ ಹೋದಳು. ಮಗಳು ಪಲ್ಲವಿಗೆ ಏಳು ವರ್ಷ. ಬೆರಳ ತುದಿಯಲ್ಲಿ ಹಿಂದಿನ ದಿನದ ಕೆಂಪು ಇನ್ನೂ ಇತ್ತು.

"ಇವತ್ತು ಬೆಳಗಿಂದ ಎಷ್ಟು ಪ್ಯಾಕೆಟ್ ತಿಂದ್ಲು ಅಕ್ಕ?"

"ಒಂದೂ ಇಲ್ಲ. ಶ್ರಾವಣ ಸೋಮವಾರ ಅಲ್ಲೇನ್ರಿ? ಮನೆಮಂದಿಗೆಲ್ಲ ಒಪ್ಪತ್ತು. ಅಂಗಡಿ ತಿಂಡಿ ಹೊಸ್ತಿಲು ದಾಟಂಗಿಲ್ಲ. ನಿನ್ನೆ ಕೇಳಿದ್ರೆ ನಾಕು ಅಂತಿದ್ದೆ."

ಫಾರಂನಲ್ಲಿ ನಿನ್ನೆಗೆ ಜಾಗವಿರಲಿಲ್ಲ. ಅನುಷಾ ಸೊನ್ನೆ ಬರೆದಳು. ಪಕ್ಕದ ಮನೆಯಲ್ಲೂ ಸೊನ್ನೆ, ಅದರಾಚೆ ಮನೆಯಲ್ಲೂ ಸೊನ್ನೆ.

ಮಾರನೆಯ ದಿನ ಅವಳು ಫಾರಂಗಳನ್ನು ಗುರುರಾಜರ ಮುಂದಿಟ್ಟಳು. "ಬೇರೆ ದಿನ ಇನ್ನೊಂದ್ಸಲ ಹೋಗ್ಬೇಕು ಸರ್. ಇವು ಒಪ್ಪತ್ತಿನ ದಿನದವು."

"ಒಪ್ಪತ್ತಾ ಅಂತ ಫಾರಂನಲ್ಲಿ ಕೇಳೈತಾ?"

"ಇಲ್ಲ ಸರ್."

"ಕೇಳಿದ್ದಕ್ಕೆ ಬರ್ದಿದೀಯ. ಒಂದಕ್ಷರ ಸುಳ್ಳಿಲ್ಲ."

ಇರಲಿಲ್ಲ, ನಿಜ. ಮುಂದಿನ ಸೋಮವಾರ ಮಧ್ಯಾಹ್ನ ಅವಳು ಬುತ್ತಿಯ ಚಿತ್ರಾನ್ನವನ್ನು ಅವರ ಕಡೆ ಸರಿಸಿದಾಗ ಅವರು ಕೈ ಅಡ್ಡ ಹಿಡಿದರು. "ಬ್ಯಾಡಮ್ಮ, ನಂದೂ ಒಪ್ಪತ್ತು." ಹಾಗಾದರೆ ಮೊದಲಿಂದಲೂ ಗೊತ್ತಿತ್ತು ಇವರಿಗೆ. ಸಿಟ್ಟು ಬರಬೇಕಿತ್ತು. ಅನುಷಾ ಕಾದಳು, ಬರಲಿಲ್ಲ. ಡಬ್ಬಿ ಮುಚ್ಚಿ ಬಸ್ಸು ಹತ್ತಿದಳು.

ಚಳಿಗಾಲದಲ್ಲಿ, ಬಣ್ಣಕ್ಕೆ ಒಪ್ಪಿಗೆ ಕೊಡುವ ದೆಹಲಿಯ ಸರ್ಕಾರಿ ಸಮಿತಿಯಿಂದ ಒಂದೇ ಒಂದು ಪ್ರಶ್ನೆ ಬಂತು. ಸಮೀಕ್ಷೆ ನಡೆದದ್ದು ಮಾಮೂಲಿ ದಿನಗಳಲ್ಲೋ? 'ಹೌದು' ಎಂದು ಉತ್ತರ ಆಗಲೇ ಟೈಪಾಗಿತ್ತು. ಕೆಳಗೆ ಅನುಷಾಳ ಹೆಸರು, ಸಹಿಗೆ ಜಾಗ. ಅವಳು 'ಅಲ್ಲ' ಎಂದು ಬರೆದರೆ ಇಡೀ ಅಧ್ಯಯನ ಮೂಲೆಗೆ ಬೀಳುತ್ತಿತ್ತು, ಬಣ್ಣ ಇದ್ದಷ್ಟೇ ಇರುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

"ಸೋಮವಾರ ಪ್ರತಿ ವಾರಾನೂ ಬರುತ್ತಲ್ಲಮ್ಮ," ಎಂದರು ಗುರುರಾಜ್, ಟೀ ಆರಿಸಿಕೊಳ್ಳುತ್ತ. "ಅದಕ್ಕಿಂತ ಮಾಮೂಲಿ ಯಾವ್ದೈತೆ?"

ಸಹಿ ಹಾಕಿದಳು. ತನಗೇನೂ ಆಗುತ್ತಿಲ್ಲವಲ್ಲ ಎಂದು ಒಂದಿಷ್ಟು ಹೆದರಿಕೆಯಾಯಿತು, ಅದೂ ಹೋಯಿತು. ಸ್ಟೇಪ್ಲರ್ ಎಲ್ಲಿದೆ ಎಂದು ಕೇಳಿದಳು.

ಮುಂಗಾರಿಗೆ ಮೊದಲೇ ಹೊಸ ನಿಯಮ ಬಂತು, ಪ್ಯಾಕೆಟ್ ಇನ್ನಷ್ಟು ಕೆಂಪಾಯಿತು. ಮತ್ತೆ ಶ್ರಾವಣ. ಈ ಸಲದ ಅಧ್ಯಯನ ಬಾಟಲಿ ಜ್ಯೂಸಿನದು, ಮಾಡಿಸುತ್ತಿದ್ದವರು ಅದರ ಕಂಪನಿಯವರೇ. ಅದೇ ಸೋಮವಾರ, ಅದೇ ಹಳ್ಳಿ. ಕೊಟ್ರಮ್ಮ ಚಾಪೆ ಹಾಸಿ, "ಕುಂತ್ಕಳ್ರಿ," ಎಂದಳು. ಹೊಸ್ತಿಲ ಮೇಲೆ ಕೂತ ಪಲ್ಲವಿಯ ಮಡಿಲಲ್ಲಿ ಪ್ಯಾಕೆಟ್ ಇತ್ತು, ಪಕ್ಕದಲ್ಲಿ ಖಾಲಿಯಾದದ್ದು ಇನ್ನೊಂದು.

"ಇವತ್ತು ಸೋಮವಾರ ಅಲ್ವಾ ಅಕ್ಕ?"

"ಹೂಂ. ಈ ಸಲ ಒಪ್ಪತ್ತು ದೊಡ್ಡೋರಿಗಷ್ಟೇ, ಹೋದ್ಸಲ ಕೂಸು ಹಸಿದು ಅಳ್ತಿತ್ತು. ಮುಂಚೆ ಹಸಿದ ಹೊಟ್ಟೆಗೆ ಬಣ್ಣ ಬ್ಯಾಡ ಅಂತ ಅಂಜಿಕೆ, ಅತ್ತರೂ ಕೊಡ್ತಿರ್ಲಿಲ್ಲ. ಈಗ ಹಳ್ಳಿ ಮಕ್ಕಳ್ನ ಪರೀಕ್ಷೆ ಮಾಡಿ ನೋಡೀವಿ, ಏನೂ ಆಗಲ್ಲ ಅಂತ ಪ್ಯಾಕೆಟ್ ಮ್ಯಾಲೇ ಬರ್ದವ್ರೆ." ಕೊಟ್ರಮ್ಮ ನಕ್ಕಳು. "ನಮ್ಮೂರಿಗೆ ಬಂದು ಕೇಳಿದೋರು ನೀವೊಬ್ರೇ ಅಲ್ಲೇನ್ರಿ. ನೀವು ಬರೆದಿದ್ದು ಅಂದ್ಮ್ಯಾಲೆ ನಂಬಿಕೆ."

ಅನುಷಾ ಬಾಯಿ ತೆರೆದಳು. ಅವಳು ತಿಂಡಿಗೇ ಬಾಯಿ ತೆರೆದಳೆಂದುಕೊಂಡು ಪಲ್ಲವಿ ಕೆಂಪು ಬೆರಳಲ್ಲಿ ಒಂದು ಚೂರು ಹಿಡಿದು ಚಾಚಿದಳು. ಬೇಡವೆಂದು ತಲೆಯಾಡಿಸಿ ಅನುಷಾ ಫಾರಂ ತಿರುವಿದಳು. ತಿಂಡಿಗೆ ಅದರಲ್ಲಿ ಜಾಗವಿರಲಿಲ್ಲ.

"ಜ್ಯೂಸ್ ಕುಡಿದ್ಲಾ ಅಕ್ಕ ಇವತ್ತು?"

"ಇಲ್ಲ."

ಅನುಷಾ ಸೊನ್ನೆ ಬರೆದಳು.