ವೇದವಲ್ಲಿಯ ಲಸಾನ್ಯ

ಹಳೇಬೀಡಿನಲ್ಲಿ ಲಸಾನ್ಯವೇ, ಅದೂ ಐವತ್ತೆಂಟನೇ ಇಸವಿಯಲ್ಲಿ, ಮುದುಕನಿಗೆ ಅರಳುಮರಳು ಎಂದು ಕಿಸಕ್ಕೆಂದವರು ಫೋನು ಕೆಳಗಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು. ನಿನ್ನೆ ಏನು ತಿಂದೆವೆಂದು ನೆನಪಿಲ್ಲದವರೆಲ್ಲ ಸಾಕ್ಷಿ ಕೇಳಲು ಬರುತ್ತಾರೆ. ಸುಮ್ಮನೆ ಕೇಳಿ.

ವೇದವಲ್ಲಿ ಎಂದರೆ ಸ್ಕೂಲ್ ಮೇಷ್ಟ್ರು ಭಾಷ್ಯಂ ಅವರ ಹೆಂಡತಿ. ಅವರ ಮುಂದಿನ ಕೋಣೆಯಲ್ಲಿ ಆ ವರ್ಷ ಇಟಲಿಯ ತೆರೇಸಾ ಬಾಡಿಗೆಗಿದ್ದಳು. ದೇವಸ್ಥಾನದ ಗೋಡೆಯ ಆನೆಗಳನ್ನು ಒಂದೊಂದಾಗಿ ಕಾಗದಕ್ಕಿಳಿಸುವುದು ಅವಳ ಕೆಲಸ. ಕನ್ನಡ ಕಲಿತದ್ದು ವೇದವಲ್ಲಿಯ ಅಡುಗೆಮನೆ ಹೊಸ್ತಿಲಲ್ಲಿ ಕೂತು.

ಒಂದು ಬೆಳಿಗ್ಗೆ ಅವಳು ಆನೆಗಳ ಕಡೆ ಹೋಗದೆ ಜಗಲಿಯಲ್ಲೇ ಕೂತಿದ್ದಳು.

"ಯಾಕೇ, ಮೈ ಸರಿಯಿಲ್ವಾ?" ಎಂದಳು ವೇದವಲ್ಲಿ.

"ಶುಕ್ರವಾರಕ್ಕೆ ನಮ್ಮಮ್ಮ ಹೋಗಿ ಒಂದು ವರ್ಷ. ಊರಲ್ಲಿದ್ದಿದ್ರೆ ಅವಳ ಲಸಾನ್ಯ ಮಾಡ್ತಿದ್ದೆ."

ಗೋಧಿಹಿಟ್ಟಿನ ತೆಳು ಹಾಳೆ, ನಡುವೆ ತರಕಾರಿ, ಕೆಂಪಗೆ ಟೊಮ್ಯಾಟೊ, ಚೀಸು ಅನ್ನುವ ಇಟಲಿಯ ಗಿಣ್ಣು, ಮತ್ತೆ ಹಾಳೆ, ಕೆಳಗೂ ಮೇಲೂ ಬೆಂಕಿ. ತೆರೇಸಾ ಕೈಯಲ್ಲೇ ಪದರ ಜೋಡಿಸಿ ತೋರಿಸಿದಳು. "ಮೂಲೆ ಸೀದು ಕರಕರ ಅಂತಿರುತ್ತಲ್ಲ, ಅದನ್ನ ಅಮ್ಮ ಯಾರಿಗೂ ಕೊಡ್ತಿರಲಿಲ್ಲ. ತಟ್ಟೆ ಮೇಜಿಗೆ ಬರೋಕೆ ಮುಂಚೆ ಅವಳ ಬಾಯಿಗೆ."

"ನಾನ್ ಮಾಡ್ತೀನಿ ಬಿಡೇ," ಎಂದಳು ವೇದವಲ್ಲಿ. ಹೇಳಿದ ಮೇಲೆ ಯೋಚನೆ ಹತ್ತಿತು. ಕಣ್ಣಲ್ಲಿ ನೋಡದ ಅಡುಗೆ, ಕೆಟ್ಟರೆ ಆ ಹುಡುಗಿಗೆ ತಾಯಿಯ ದಿನ ಇನ್ನೊಂದು ವರ್ಷ ಬರುವುದಿಲ್ಲ.

ಭಾಷ್ಯಂ ಪೇಪರಿನ ಹಿಂದಿನಿಂದ ಗೊಣಗಿದರು. "ಪರದೇಶದವರಿಗೆ ನಮ್ಮನೇಲಿ ತಿಥೀನಾ?"

"ಅವ್ರಮ್ಮ ಏನು ಕಂಬದಿಂದ ಉದುರಿದವಳಾ? ನೀವು ಮಂತ್ರ ಹೇಳ್ಬೇಡಿ, ಊಟ ಮಾಡಿ ಸಾಕು."

ತೆರೇಸಾ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪನಿಗೆ ಬರುವಾಗ ತರಕಾರಿ ತರಲು ಹೇಳಿಕಳಿಸಿದ್ದಳು. ಗುರುವಾರ ಅವನು ಬುಟ್ಟಿ ತುಂಬ ಟೊಮ್ಯಾಟೊ, ಈರುಳ್ಳಿ, ಕ್ಯಾರೆಟ್ ಇಳಿಸಿ, "ಏನ್ರವ್ವಾ, ಮನೇಲಿ ಮದ್ವೆ ಐತಾ?" ಎಂದು ನಕ್ಕು ಹೋದ.

ವೇದವಲ್ಲಿ ಆ ಬುಟ್ಟಿಯನ್ನು ಒಳಗೆ ಸೇರಿಸಲಿಲ್ಲ. ತಿಥಿಯ ದಿನ ಅವಳ ಮನೆಯಲ್ಲಿ ಟೊಮ್ಯಾಟೊ, ಕ್ಯಾರೆಟ್‌ನಂಥ ಸೀಮೆ ತರಕಾರಿ ಒಲೆ ಹತ್ತುವುದಿಲ್ಲ, ಈರುಳ್ಳಿಯಂತೂ ಕೇಳಲೇಬೇಡಿ. ಮೆಣಸಿನಕಾಯಿಗೂ ರಜೆ, ಖಾರಕ್ಕೆ ಕಾಳುಮೆಣಸು. ತೆರೇಸಾ ತಿಳಿಯದೆ ತರಿಸಿದ್ದಾಳೆ, ಪಾಪ, ಎಂದುಕೊಂಡಳು. ತಪ್ಪು ತನ್ನದಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ಮಡಿಯುಟ್ಟು ಕೂತ ಅವಳ ಕೈಕೆಲಸ ನೋಡಬೇಕಿತ್ತು. ಹೋಳಿಗೆ ಲಟ್ಟಿಸಿದ ಕೈ ಅದು. ಬಾಳೆಲೆಯ ಮೇಲೆ ಹರಡಿದ ಹಾಳೆಯ ಹಿಂದಿನ ಹಸಿರು ಕಾಣುತ್ತಿತ್ತು. ಬಾಳೆಕಾಯಿ, ಪಡವಲ, ತುಪ್ಪದಲ್ಲಿ ಹುರಿದ ಹಾಗಲ, ಗೆಣಸಿನ ಬಿಲ್ಲೆ. ಇಟಲಿಯ ಗಿಣ್ಣಿಗೆ ಹಾಲು ಒಡೆಸಬೇಕಂತೆ. ಒಳ್ಳೆ ಹಾಲನ್ನು ಬೇಕೆಂದೇ ಒಡೆಸುವವಳಲ್ಲ ವೇದವಲ್ಲಿ. ಪಕ್ಕದ ಊರು ಹಗರೆಯ ಎಮ್ಮೆಮೊಸರನ್ನು ರಾತ್ರಿಯೆಲ್ಲ ಬಟ್ಟೆಯಲ್ಲಿ ತೂಗುಹಾಕಿದ್ದಳು, ಬೆಳಿಗ್ಗೆಗೆ ಬೆಣ್ಣೆಯಂತಾಗಿತ್ತು. ಹಿತ್ತಾಳೆ ಬೋಗುಣಿಯಲ್ಲಿ ಏಳು ಪದರ ಕಟ್ಟಿ, ಒಲೆಯ ಮೇಲಿಟ್ಟು, ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ ಸುರಿದಳು. ಉಪ್ಪಿನ ರುಚಿ ನೋಡುವಂತಿಲ್ಲ, ಆ ದಿನ ಎಡೆಗೆ ಮೊದಲು ನಾಲಿಗೆ ಮುಟ್ಟಬಾರದು. ಮೂಗಿನಿಂದಲೇ ಉಪ್ಪು ತೂಗಿದಳು. ಅಂಥ ಅಡುಗೆಯವಳು ಈ ಸೀಮೆಯಲ್ಲಿ ಮತ್ತೆ ಹುಟ್ಟಲಿಲ್ಲ, ಬೇಜಾರಾದರೆ ಆಗಲಿ.

ಮುಚ್ಚಳ ತೆಗೆದಾಗ ಮೇಲ್ಪದರ ಕಂದುಬಣ್ಣಕ್ಕೆ ತಿರುಗಿ ಉಬ್ಬಿತ್ತು. ತೆರೇಸಾ ಬಗ್ಗಿ ನೋಡಿದಳು. ಮುಖ ಸಣ್ಣಗಾಯಿತು.

"ಟೊಮ್ಯಾಟೊ ಎಲ್ಲಿ, ಅಮ್ಮಾ?"

"ಜಗಲೀಲಿದೆ. ಇಂಥ ದಿನ ಅದನ್ನ ಹಾಕ್ತಾರೇನೇ?"

"ನಮ್ಮಮ್ಮ ಅದಿಲ್ದೆ ಮಾಡ್ತಾನೇ ಇರಲಿಲ್ಲ."

ವೇದವಲ್ಲಿಯ ಕೈಯಲ್ಲಿ ಸೌಟು ನಿಂತಿತು. ಅಡುಗೆ ಅವರಮ್ಮನದು, ಕಟ್ಟಳೆ ಮಾತ್ರ ತನ್ನದಾಗಿಬಿಟ್ಟಿತ್ತು. ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಭಾಷ್ಯಂ ಪೇಪರು ಮಡಚಿಟ್ಟು ಒಳಗೆ ಬಂದರು.

"ತಪ್ಪಾಯ್ತು ಕಣೇ," ಎಂದಳು ವೇದವಲ್ಲಿ. "ಆದ್ರೂ ಕಾಗೆಗೊಂದು ಚೂರು ಇಡೋಣ. ಹೋದವರು ಬಂದು ತಿಂತಾರೆ ಅಂತ ನಮ್ಮಲ್ಲಿ. ಬೇಡ ಅಂದ್ರೆ ಮುಟ್ಟಲ್ಲ."

ಒಂದು ಎಲೆಯಲ್ಲಿ ನಡುಭಾಗದ ಮೆತ್ತನೆಯ ತುಂಡಿಟ್ಟಳು. ಬೋಗುಣಿಯ ಅಂಚಿಗೆ ಅಂಟಿ ಸೀದಿದ್ದ ಒಂದು ಚೂರು ಸೌಟಿಗೆ ಹತ್ತಿಕೊಂಡು ಅದರ ಪಕ್ಕಕ್ಕೆ ಬಿತ್ತು. ಹಿತ್ತಲ ಗೋಡೆಯ ಮೇಲಿಟ್ಟು ಮೂವರೂ ನಿಂತರು. ಕಾಗೆಗೇನು ಅವಸರ, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಕೂತು ಅತ್ತಿತ್ತ ನೋಡಿತು. ಆಮೇಲೆ ಹಾರಿ ಬಂದು, ಮೆತ್ತನೆಯ ತುಂಡನ್ನು ಕಾಲಲ್ಲಿ ಸರಿಸಿ, ಸೀದ ಚೂರನ್ನು ಕಚ್ಚಿಕೊಂಡು ಹೋಯಿತು.

ತೆರೇಸಾ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎಲೆಯ ಮುಂದೆ ಕೂತು, "ಬಡಿಸಿ ಅಮ್ಮಾ, ಅವಳ ಊಟ ಆಯ್ತು," ಎಂದಳು. ಮೂರು ಸಲ ಹಾಕಿಸಿಕೊಂಡಳು. ಉಪ್ಪು ಒಂದು ಹರಳು ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ.

"ಹಾಗಲ ಚೆನ್ನಾಗಿತ್ತು," ಎಂದರು ಭಾಷ್ಯಂ, ಯಾರೂ ಕೇಳದಿದ್ದರೂ.

ಮಾರನೆಯ ದಿನ ಬುಟ್ಟಿ ಒಳಗೆ ಬಂತು. ತೆರೇಸಾ ಹೇಳಿದಂತೆಯೇ ವೇದವಲ್ಲಿ ಕೆಂಪಗೆ ಇನ್ನೊಂದು ಬೋಗುಣಿ ಮಾಡಿದಳು, ಪ್ರತಿ ಪದರಕ್ಕೂ "ಸರಿಯಾ?" ಎಂದು ಕೇಳಿಕೊಂಡು.

ಇದನ್ನು ನಿಮ್ಮ ಮನೆಯಲ್ಲಿ ಒಲೆ ಮುಂದೆ ನಿಲ್ಲುವವರಿಗೆ ಕೇಳಿಸಿ, ಅವರು ಇನ್ನೊಬ್ಬರಿಗೆ ಹೇಳಲಿ. ಉಪ್ಪುಖಾರ ಹಚ್ಚಿದರೂ ಚಿಂತೆಯಿಲ್ಲ, ವೇದವಲ್ಲಿಯ ಹೆಸರು ಮಾತ್ರ ಬಿಡಬೇಡಿ.