ಅಮ್ಮನ ಹುರುಳಿಕಾಯಿ ಸೀಸೆಗಳು

ಅಮ್ಮನ ಹುರುಳಿಕಾಯಿಯ ವಿಷಯ ಈ ಸಲ ಎತ್ತಬಾರದು ಎಂದು ನನ್ನ ಗಂಡ ಎಮೆಟ್ ಕಾರಿನಲ್ಲೇ ನನ್ನಿಂದ ಮಾತು ತೆಗೆದುಕೊಂಡಿದ್ದ. ಲೆಕ್ಸಿಂಗ್ಟನ್ ಬಿಟ್ಟು ಪೂರ್ವಕ್ಕೆ, ಅಮ್ಮನ ಊರಿನ ಕಡೆ ಹೊರಟರೆ ಗುಡ್ಡಗಳು ಹತ್ತಿರ ಸರಿಯುತ್ತಾ ರಸ್ತೆ ಕಿರಿದಾಗುತ್ತಾ ಹೋಗುತ್ತದೆ. ಪ್ರತಿ ಬೇಸಿಗೆಯೂ ಅಲ್ಲಿಗೆ ಬಂದಾಗ ಅವನು ನನಗೆ ಏನಾದರೊಂದು ಬುದ್ಧಿ ಹೇಳುತ್ತಾನೆ.

"ಹೇಜಲ್ ಒಂದು ವಾರ ಅಜ್ಜಿ ಹತ್ರ ಖುಷಿಯಾಗಿರ್ಲಿ. ನಿನ್ನ ಲ್ಯಾಬನ್ನ ಇಲ್ಲೇ ಇಳಿಸಿಬಿಡು," ಎಂದ.

"ಇಳಿಸಿದೆ," ಎಂದೆ.

"ಎಲ್ಲಿ ಇಳಿಸಿದೆ?" ಎಂದು ಹಿಂದಿನ ಸೀಟಿನಿಂದ ನಮ್ಮ ಐದು ವರ್ಷದ ಮಗಳು ಹೇಜಲ್ ಕಿಟಕಿಯ ಹೊರಗೆ ಹುಡುಕಿದಳು.

ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನನ್ನ ಅಮ್ಮ ಓಪಲ್ ತನ್ನ ತೋಟದ ಹುರುಳಿಕಾಯಿಯ ನಾರು ತೆಗೆದು, ಕೈಯಲ್ಲೇ ಮುರಿದು, ಗಾಜಿನ ಸೀಸೆಗಳಿಗೆ ತುಂಬಿ, ಅಂಗಳದಲ್ಲಿ ಕಟ್ಟಿಗೆ ಉರಿಯ ಮೇಲೆ ದೊಡ್ಡ ಹಂಡೆಯ ನೀರಿನಲ್ಲಿ ಅರ್ಧ ದಿನ ಕುದಿಸಿ ಮುಚ್ಚಳ ಬಿಗಿಯುತ್ತಾಳೆ. ಅವಳ ತಾಯಿ ಮಾಡಿದ್ದೂ ಹಾಗೆಯೇ. ನೆಲಮಾಳಿಗೆಯ ಗೋಡೆಯುದ್ದಕ್ಕೂ ಆ ಸೀಸೆಗಳು ನಿಂತಿರುವುದನ್ನು ನೋಡಿದರೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕಷ್ಟ ಏನೆಂದರೆ, ಮಣ್ಣಿನಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಾಣು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಪ್ರೆಷರ್ ಕುಕ್ಕರಿನ ಬಿಸಿಯೇ ಬೇಕು. ಹುಳಿಯಿಲ್ಲದ, ಗಾಳಿಯಾಡದ ಸೀಸೆಯೊಳಗೆ ಅದು ಎಂದಾದರೂ ಮೊಳೆಯಬಹುದು, ಮೊಳೆಯದೆಯೂ ಇರಬಹುದು. ಮೊಳೆತರೆ ಅದು ಬಿಡುವ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ವಾಸನೆ ಬಂದೇ ಬರುತ್ತದೆಂದೂ ಇಲ್ಲ. ಒಂದು ಚಮಚದಷ್ಟು ತಿಂದವರ ಉಸಿರೂ ನಿಲ್ಲಬಹುದು.

ಎರಡು ಬೇಸಿಗೆಗಳ ಹಿಂದೆ ಇದನ್ನೆಲ್ಲ ಹೇಳಿ, ಸೀಸೆ ಹಿಡಿಯುವಂಥ ದೊಡ್ಡ ಕುಕ್ಕರನ್ನೂ ತಂದುಕೊಟ್ಟಿದ್ದೆ. ಅಮ್ಮ ಅದರಲ್ಲಿ ಕೋಳಿಗಳಿಗೆ ನೀರಿಟ್ಟಳು. ಕ್ರಿಸ್‌ಮಸ್‌ವರೆಗೆ ಫೋನಿನಲ್ಲಿ ನನ್ನೊಡನೆ ಮಾತಾಡಲಿಲ್ಲ.

ಒಂದೇ ಒಂದು ಸಮಾಧಾನವಿತ್ತು. ಬೀಜಾಣು ಕುದಿತಕ್ಕೆ ಜಗ್ಗದಿದ್ದರೂ ವಿಷ ಜಗ್ಗುತ್ತದೆ. ಅಮ್ಮ ಸೀಸೆ ತೆರೆದ ಮೇಲೆ ಆ ಕಾಯಿಯನ್ನು ಉಪ್ಪು ಹಾಕಿಟ್ಟ ಹಂದಿಮಾಂಸದ ತುಂಡಿನ ಜೊತೆ ಒಲೆಯ ಮೇಲೆ ಮತ್ತೆ ಗಂಟೆಗಟ್ಟಲೆ ಕೊತಕೊತ ಕುದಿಸುತ್ತಾಳೆ. ನಮ್ಮ ಕಡೆ ಎಲ್ಲರೂ ಹಾಗೆಯೇ. ಇಷ್ಟು ವರ್ಷ ಆ ಮನೆಯಲ್ಲಿ ಯಾರಿಗೂ ಏನೂ ಆಗದಿದ್ದರೆ ಅದಕ್ಕೆ ಅಂಗಳದ ಹಂಡೆಯಲ್ಲ, ಒಳಗಿನ ಒಲೆ ಕಾರಣ. "ಹಾಗೆ ಕುದಿಸದೆ ಮಾತ್ರ ಬಡಿಸಬೇಡಮ್ಮ," ಎಂದು ಕೇಳಿಕೊಂಡಿದ್ದೆ. "ಬೇಯಿಸದ ಹುರುಳಿಕಾಯಿ ಯಾರು ತಿಂತಾರೆ, ದನಾನಾ?" ಎಂದಿದ್ದಳು. ನಮ್ಮಿಬ್ಬರ ನಡುವಿನ ಸಂಧಿ ಅಷ್ಟೇ.

ನಾವು ಹೋದ ಮರುದಿನ, ಗೋರಿಗಳಿಗೆ ಹೂವಿಡುವ ಭಾನುವಾರ. ಬೆಳಿಗ್ಗೆ ಗುಡ್ಡದ ಮೇಲಿನ ಸ್ಮಶಾನದಲ್ಲಿ ಹುಲ್ಲು ಕಿತ್ತು, ಹೂವಿಟ್ಟು, ಮಧ್ಯಾಹ್ನ ಅಂಗಳದ ಅಕ್ರೋಟು ಮರದ ಕೆಳಗೆ ಎಲ್ಲರೂ ಒಟ್ಟಿಗೆ ಊಟ. ಅಮ್ಮನ ಮಂಡಿ ಊದಿಕೊಂಡಿತ್ತು; ಗುಡ್ಡಕ್ಕೂ ಗಾಡಿಯಲ್ಲೇ ಬಂದಿದ್ದಳು. ಒಲೆಯ ಮುಂದೆ ನಿಲ್ಲಬೇಡಿ ಎಂದು ನನ್ನ ತಮ್ಮ ಡ್ವೈಟ್‌ನ ಹೊಸ ಹೆಂಡತಿ ಕೆಂಡ್ರಾ ಸ್ಮಶಾನಕ್ಕೆ ಬಾರದೆ ಮನೆಯಲ್ಲೇ ಉಳಿದು ಅಡುಗೆ ಮುಗಿಸಿದ್ದಳು. ಓಹಾಯೋದ ಪಟ್ಟಣದ ಹುಡುಗಿ; ಮದುವೆಯಾದ ಮೇಲೆ ಇದು ಅವಳ ಮೊದಲ ಭಾನುವಾರದೂಟ.

ನಾವು ಇಳಿದು ಬರುವಷ್ಟರಲ್ಲಿ ತಟ್ಟೆಗಳಿಗೆ ಬಡಿಸಿಯೂ ಆಗಿತ್ತು. ಕರಿದ ಕೋಳಿ, ಜೋಳದ ರೊಟ್ಟಿ, ಹೆಚ್ಚಿದ ಟೊಮೆಟೊ. ಮಧ್ಯದಲ್ಲಿ ದೊಡ್ಡ ಬಟ್ಟಲಿನಲ್ಲಿ ಈರುಳ್ಳಿ, ವಿನೆಗರ್ ಬೆರೆತು ಮಿರಮಿರ ಹೊಳೆಯುವ ತಣ್ಣನೆಯ ಸಾಲಡ್. ಅದರಲ್ಲಿ ಕೆಂಪು ಕಾಳು ಒಂದಿಷ್ಟು, ಮಿಕ್ಕಿದ್ದೆಲ್ಲ ಹಸಿರು. ಒಂದೊಂದು ತುಂಡೂ ಒಂದೊಂದು ಅಳತೆ. ಅವು ಕೈಯಲ್ಲಿ ಮುರಿದ ತುಂಡುಗಳು.

"ಕೆಂಡ್ರಾ, ಈ ಬೀನ್ಸ್ ಎಲ್ಲಿಂದ ಬಂತು?"

"ಅತ್ತೆಯ ನೆಲಮಾಳಿಗೆಯಿಂದ. ನಾಲ್ಕು ಸೀಸೆ ಹಿಡೀತು ಅಕ್ಕ. ಈ ಸೆಕೆಗೆ ತಣ್ಣಗಿದ್ರೆ ಹಿತ ಅಲ್ವಾ?"

"ಕುದಿಸಿದೆಯಾ?"

ಅವಳು ನಕ್ಕಳು. "ಅತ್ತೆ ಅರ್ಧ ದಿನ ಕುದಿಸಿ ತುಂಬಿರೋದನ್ನ ನಾನು ಇನ್ನೊಂದ್ಸಲ ಯಾಕೆ ಕುದಿಸ್ಲಿ?"

"ರುಚಿ ನೋಡಿದೆಯಾ?"

"ಇವತ್ತು ಮಾವ ಪ್ರಾರ್ಥನೆ ಮಾಡೋವರೆಗೂ ಅಡುಗೆಯವರು ಉಪ್ಪು ಕೂಡ ನೋಡೋ ಹಾಗಿಲ್ಲ ಅಂತ ಡ್ವೈಟ್ ನಾಲ್ಕು ಸಲ ಹೇಳಿದ್ದಾನೆ. ಸಪ್ಪೆಯಾಗಿದ್ರೆ ಬೈಬೇಡಿ."

ಅಷ್ಟರಲ್ಲಿ ಅಪ್ಪ ಟೋಪಿ ತೆಗೆದರು. ಎಲ್ಲರ ತಲೆ ಬಾಗಿತು.

ನನ್ನ ಅಪ್ಪ ಹಾರ್ಲನ್ ಉಳಿದ ದಿನಗಳಲ್ಲಿ ಮಿತಭಾಷಿ. ಈ ಪ್ರಾರ್ಥನೆಯಲ್ಲಿ ಮಾತ್ರ ಗುಡ್ಡದ ಮೇಲೆ ಮಲಗಿದವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಾರೆ. ಅವರ ಅಜ್ಜನ ಹೆಸರು ಬಂತು, ಅಜ್ಜನ ತಮ್ಮನದು ಬಂತು. ನಾನು ಕಣ್ಣು ಮುಚ್ಚಲಿಲ್ಲ. ಬಟ್ಟಲನ್ನು ಎತ್ತಿಕೊಂಡು ಓಡಿಹೋಗೋಣವೆಂದರೆ ಎಲ್ಲರ ತಟ್ಟೆಯಲ್ಲೂ ಆಗಲೇ ಒಂದೊಂದು ಸೌಟು ಬಿದ್ದಿತ್ತು. ಹೇಜಲ್‌ಳ ಬೆರಳು ಮೇಜಿನ ಅಂಚಿನಿಂದ ತಟ್ಟೆಯ ಕಡೆಗೆ ತೆವಳುತ್ತಿತ್ತು. ನಾನು ಅವಳ ಮಣಿಕಟ್ಟು ಹಿಡಿದೆ. ಸ್ವಲ್ಪ ಜೋರಾಗಿಯೇ ಹಿಡಿದಿರಬೇಕು, ಅವಳು ಅಚ್ಚರಿಯಿಂದ ನನ್ನ ಮುಖ ನೋಡಿದಳು.

ಎಮೆಟ್ ಅದನ್ನು ಕಂಡ. ಬಟ್ಟಲು ನೋಡಿದ, ನನ್ನನ್ನು ನೋಡಿದ. ಅವನಿಗೆ ಅರ್ಥವಾಯಿತು. ಅಪ್ಪನ ದನಿಯ ಮರೆಯಲ್ಲಿ ನನ್ನ ಕಿವಿಗೆ ಬಾಗಿ, "ಗಾಜಿನ ಚೂರು ಬಿದ್ದಿದೆ ಅನ್ನು," ಎಂದ.

"ಆಮೆನ್," ಎಂದರು ಅಪ್ಪ.

"ಯಾರೂ ಸಾಲಡ್ ಮುಟ್ಟಬೇಡಿ! ಅದರಲ್ಲಿ ಗಾಜಿನ ಚೂರಿದೆ," ಎಂದೆ.

ಫೋರ್ಕುಗಳು ಖಣಖಣ ಕೆಳಗಿಳಿದವು. ಅಮ್ಮನ ಅಕ್ಕ ವರ್ಡಿ ದೊಡ್ಡಮ್ಮ ತಟ್ಟೆಯನ್ನೇ ದೂರ ತಳ್ಳಿದಳು. ಕೆಲಸ ಇಷ್ಟು ಸುಲಭವಾಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಆದರೆ ಕೆಂಡ್ರಾಳ ಮುಖ ಕೆಂಪೇರಿತ್ತು.

"ಒಂದೊಂದು ಸೀಸೆನೂ ಬೆಳಕಿಗೆ ಹಿಡಿದು ನೋಡಿ ತೆಗೆದಿದ್ದೀನಿ ಅಕ್ಕ. ಯಾವುದರ ಬಾಯೂ ಒಡೆದಿರ್ಲಿಲ್ಲ." ಆಮೇಲೆ ತಾನೇ ಸಂಭಾಳಿಸಿಕೊಂಡು ಎದ್ದಳು. "ಹೋಗ್ಲಿ ಬಿಡಿ. ಹೆಚ್ಚಿದ ಈರುಳ್ಳಿ ಉಳಿದಿದೆ. ಇನ್ನು ನಾಲ್ಕು ತಂದ್ರೆ ಕ್ಷಣದಲ್ಲಿ ಕಲಸಿಬಿಡ್ತೀನಿ."

"ಮೇಲಿನ ಹಲಗೆಯದು ತಾರಮ್ಮ," ಎಂದಳು ಅಮ್ಮ. "ಅದು ಹೋದ ವರ್ಷದ್ದು, ಎಳೇದು. ಹಾಗೇ ನೀವು ಹೊರಡುವಾಗ ಒಂದು ಪೆಟ್ಟಿಗೆ ತಗೊಂಡು ಹೋಗು. ಪಟ್ಟಣದಲ್ಲಿ ಇಂಥದ್ದು ಎಲ್ಲಿ ಸಿಗಬೇಕು."

ಕೆಂಡ್ರಾ ಅಡುಗೆಮನೆಯ ಮೆಟ್ಟಿಲು ಹತ್ತತೊಡಗಿದಳು.

"ಕೆಂಡ್ರಾ, ಹೋಗ್ಬೇಡ," ಎಂದೆ. "ಗಾಜು ಇಲ್ಲ. ಸುಳ್ಳು ಹೇಳಿದೆ."

ಕೆಂಡ್ರಾ ಮೆಟ್ಟಿಲ ಮೇಲೆಯೇ ತಿರುಗಿದಳು.

"ಬಂತು ನೋಡು ಲ್ಯಾಬು," ಎಂದ ಡ್ವೈಟ್.

ನಾನು ಹೇಳಿದೆ. ಎಷ್ಟು ಮೆದುವಾಗಿ ಹೇಳಬಹುದೋ ಅಷ್ಟು ಮೆದುವಾಗಿ, ಎಷ್ಟು ಕಡಿಮೆ ಪದಗಳಲ್ಲಿ ಆಗುತ್ತದೋ ಅಷ್ಟರಲ್ಲಿ. ಈ ಸೀಸೆಯ ಕಾಯಿಯನ್ನು ಮತ್ತೆ ಚೆನ್ನಾಗಿ ಕುದಿಸದೆ ತಿನ್ನಬಾರದು, ಮೇಲೆ ವಿನೆಗರ್ ಸುರಿದರೆ ಒಳಗಾಗಿರುವ ವಿಷ ಹೋಗುವುದಿಲ್ಲ ಎಂದೆ.

"ನನಗೆ ಎಂಬತ್ತು ದಾಟಿತು," ಎಂದಳು ವರ್ಡಿ ದೊಡ್ಡಮ್ಮ. "ಇದೇ ಬೀನ್ಸ್ ತಿಂದೇ ಬದುಕಿರೋದು. ನನ್ನ ಸಾಯಿಸೋಕೆ ಬೇರೆ ಏನಾದ್ರೂ ಹುಡುಕಿ ತಾ ಮಗಳೇ."

ಯಾರೋ ನಕ್ಕರು. ಅಮ್ಮ ನಗಲಿಲ್ಲ.

"ಅಂದ್ರೆ ಇಷ್ಟು ವರ್ಷ ನಿಮಗೆಲ್ಲ ನಾನು ವಿಷ ಹಾಕ್ತಿದ್ದೆ ಅನ್ನು."

"ಅಲ್ಲಮ್ಮ. ನೀನು ಒಲೆ ಮೇಲೆ ಅಷ್ಟು ಹೊತ್ತು ಕುದಿಸ್ತೀಯಲ್ಲ, ಅದೇ ನಮ್ಮನ್ನ ಕಾಪಾಡಿದ್ದು."

"ನಾನು ಕಾಪಾಡಿದ್ದು ಯಾವುದರಿಂದ? ನನ್ನ ಕೈಯಿಂದಾನೇ?"

ಅಮ್ಮ ಫೋರ್ಕು ಎತ್ತಿಕೊಂಡಳು. "ಬೇಡಮ್ಮ," ಎಂದು ನಾನು ಮೇಜು ಸುತ್ತಿ ಓಡಿದೆ. ಬೆಂಚುಗಳು ಅಡ್ಡ ಬಂದವು. ನಾನು ಮುಟ್ಟುವಷ್ಟರಲ್ಲಿ ಅವಳು ತುಂಬಿದ ಫೋರ್ಕನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿ ಆಗಿತ್ತು.

"ಚೆನ್ನಾಗಿದೆ ಕೆಂಡ್ರಾ," ಎಂದಳು. "ಹುಳಿ ಒಂಚೂರು ಮುಂದಾಗಿದೆ."

ಬೇರೆ ಯಾರೂ ತಿನ್ನಲಿಲ್ಲ. ಎಲ್ಲರೂ ಕೋಳಿಯನ್ನು ಹೊಗಳುತ್ತಾ, ಅಮ್ಮನ ಕಣ್ಣು ತಪ್ಪಿಸಿ ಹಸಿರು ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿದರು. ವರ್ಡಿ ದೊಡ್ಡಮ್ಮ ಕೂಡ. ಅಮ್ಮ ಒಂದೊಂದು ತಟ್ಟೆಯನ್ನೂ ನೋಡಿದಳು. ಊಟವಾದ ಮೇಲೆ ತಾನೇ ಕುಂಟುತ್ತಾ ನೆಲಮಾಳಿಗೆಗೆ ಇಳಿದು, ಡ್ವೈಟ್‌ನ ಕೈಯಲ್ಲಿ ಒಂದು ಪೆಟ್ಟಿಗೆ ಸೀಸೆ ಹೊರಿಸಿ ಅವನ ಗಾಡಿಗೆ ಹಾಕಿಸಿದಳು. ಅವರು ಆ ಸಂಜೆಯೇ ಹೊರಟರು.

ವಿಷದ ಸಹಾಯವಾಣಿಗೆ ಫೋನು ಮಾಡಿದೆ. ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲದಿದ್ದರೆ ಕೆಲವು ದಿನ ಅವರ ಮೇಲೆ ಕಣ್ಣಿಟ್ಟಿರಿ ಎಂದರು. ನನಗೆ ಗೊತ್ತಿದ್ದದ್ದೇ. ಬಟ್ಟಲಿನಿಂದ ಸ್ವಲ್ಪ ತೆಗೆದು, ಮುಚ್ಚಿ, ಚೀಟಿ ಅಂಟಿಸಿ ಫ್ರಿಜ್ಜಿನ ಮೂಲೆಯಲ್ಲಿಟ್ಟೆ. ಅಮ್ಮನಿಗೇನಾದರೂ ಆದರೆ ವೈದ್ಯರಿಗೆ ಬೇಕಾಗುತ್ತದೆ. ಅಮ್ಮ ಹಾಲು ತೆಗೆಯುವಾಗ ಅದನ್ನು ಕಂಡು, ಚೀಟಿ ಓದಿ, ಬಾಗಿಲು ಹಾಕಿದಳು.

ಆಮೇಲೆ ಕೆಂಡ್ರಾಗೆ ಫೋನು ಮಾಡಿದೆ.

"ಅತ್ತೆ ಹೇಳಿದ್ರೆ ಎಸೀತೀನಿ ಅಕ್ಕ," ಎಂದಳು. ದನಿ ಗಟ್ಟಿಯಾಗಿತ್ತು. "ನನ್ನ ಮೊದಲನೇ ಅಡುಗೇನ ಎಲ್ರೆದುರು ವಿಷ ಅಂದಿರಿ. ಅತ್ತೆ ಒಬ್ಬರೇ ತಿಂದಿದ್ದು. ಅವರು ಕೊಟ್ಟಿದ್ದನ್ನ ನಿಮ್ಮ ಮಾತು ಕೇಳಿ ನಾನು ಎಸೆಯೋದಾ?"

"ಹಾಗಾದ್ರೆ ಕುದಿಸಿಯಾದ್ರೂ ತಿನ್ನು."

"ನೋಡ್ತೀನಿ," ಎಂದು ಇಟ್ಟಳು.

ಸೋಮವಾರವೆಲ್ಲ ನಾನು ಅಮ್ಮನ ರೆಪ್ಪೆಗಳನ್ನು ನೋಡಿದೆ. ಅವಳು ಕಾಫಿ ನುಂಗುವುದನ್ನು ನೋಡಿದೆ. ಅವಳು ಹೇಜಲ್‌ಗೆ ಕೋಳಿಗಳ ಹೆಸರು ಹೇಳಿಕೊಡುವಾಗ ಒಂದೊಂದು ಅಕ್ಷರಕ್ಕೂ ಕಿವಿಗೊಟ್ಟೆ.

"ಇನ್ನೂ ಸತ್ತಿಲ್ಲ ನಾನು," ಎಂದಳು ತಿರುಗದೆಯೇ.

ಎಮೆಟ್ ನನ್ನನ್ನು ಪಕ್ಕಕ್ಕೆ ಕರೆದ. "ಏನೂ ಆಗಲ್ಲ ಅನ್ಸುತ್ತೆ."

"ನನಗೂ ಹಾಗೇ ಅನ್ಸುತ್ತೆ. ಆಗದಿದ್ರೆ ತಾನು ಹೇಳಿದ್ದೇ ಸರಿ ಅಂತ ಅಂದ್ಕೋತಾಳೆ. ಎಲ್ಲರೂ ಅಂದ್ಕೋತಾರೆ. ಈ ನಾಲ್ಕು ಸೀಸೆಯಲ್ಲಿ ಇಲ್ದಿದ್ರೆ ಆ ಪೆಟ್ಟಿಗೆಯಲ್ಲೂ ಇಲ್ಲ ಅಂತ ಹೇಗೆ ಹೇಳೋದು?"

ಅಮ್ಮನಿಗೆ ಏನೂ ಆಗದಿರಲಿ ಎಂದು ಬೇಡುತ್ತಿದ್ದವಳು ನಾನೇ. ಆಗದಿದ್ದರೆ ಮುಂದೇನು ಎಂದು ಹೆದರುತ್ತಿದ್ದವಳೂ ನಾನೇ.

ಮಂಗಳವಾರ ಮಧ್ಯಾಹ್ನ ಅಪ್ಪ ಮತ್ತು ಎಮೆಟ್ ಹೇಜಲ್‌ಳನ್ನು ಹಳ್ಳಕ್ಕೆ ಕರೆದುಕೊಂಡು ಹೋಗಿದ್ದರು. ನಾನು ಜಗಲಿಯಲ್ಲಿ ಜೋಳದ ಸಿಪ್ಪೆ ಸುಲಿಯುತ್ತಿದ್ದೆ.

"ಲೊರೀನ್." ಅಮ್ಮನ ದನಿ ಒಳಗಿನಿಂದ ಬಂತು, ಸಣ್ಣಗೆ. "ಒಂದ್ನಿಮಿಷ ಬಾ."

ಅವಳು ಮಧ್ಯಾಹ್ನದ ನಿದ್ದೆಯಿಂದೆದ್ದು ಮಂಚದ ಅಂಚಿನಲ್ಲಿ ಕೂತಿದ್ದಳು. ಎರಡು ಕೈಗಳೂ ಹಾಸಿಗೆಯನ್ನು ಬಿಗಿಯಾಗಿ ಹಿಡಿದಿದ್ದವು.

"ಗಡಿಯಾರ ಮಂಜು ಮಂಜಾಗಿ ಕಾಣ್ತಿದೆ. ಎದ್ದಾಗಿಂದ. ಮುಳ್ಳು ಯಾವುದು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಕಾರಿನ ಬೀಗದಕೈ ಅಡುಗೆಮನೆಯಲ್ಲಿದೆ, ಆಸ್ಪತ್ರೆ ಗುಡ್ಡದಾಚೆ, ಫ್ರಿಜ್ಜಿನಲ್ಲಿರುವುದನ್ನು ಮರೆಯದೆ ಒಯ್ಯಬೇಕು. ಇಷ್ಟೂ ಒಟ್ಟಿಗೆ ತಲೆಯಲ್ಲಿ ಓಡಿತು. ಅವಳ ಮುಂದೆ ಮಂಡಿಯೂರಿದೆ.

"ನಗು ಅಮ್ಮ."

"ಈಗ ನಗಬೇಕಾ?"

"ನಗು."

ಹಲ್ಲು ಬಿಟ್ಟಳು. ಎರಡೂ ಕಡೆ ಸಮ. ನೀರು ಕೊಟ್ಟೆ, ನುಂಗಿದಳು. ತೋಳು ಎತ್ತಿಸಿದೆ, ಎತ್ತಿದಳು. ರೆಪ್ಪೆ ನೋಡಲು ಕನ್ನಡಕ ತೆಗೆದೆ. ತೆಗೆದದ್ದನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿದೆ.

"ಇದು ಅಪ್ಪನ ಓದೋ ಕನ್ನಡಕ."

ಅವಳದು ದಿಂಬಿನ ಪಕ್ಕದಲ್ಲೇ ಇತ್ತು. ಹಾಕಿದೆ. ಅಮ್ಮ ಗಡಿಯಾರ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅವಳ ಭುಜಗಳು ಒಮ್ಮೆಲೇ ಕುಸಿದವು.

"ಯಾರಿಗೂ ಹೇಳಬೇಡ."

"ಇಲ್ಲ."

"ಭಾನುವಾರದಿಂದ ಕಣ್ಣು ಮುಚ್ಚೋಕೆ ಹೆದರಿಕೆ ನನಗೆ."

"ಹಾಗಾದ್ರೆ ಯಾಕಮ್ಮ ತಿಂದೆ?"

"ಎಲ್ಲರೂ ನನ್ನನ್ನೇ ನೋಡ್ತಿದ್ರಲ್ಲ," ಎಂದಳು. ಮೇಲಂಗಿಯ ಅಂಚಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಆ ಹುಡುಗಿಗೆ ಫೋನು ಹಚ್ಚು," ಎಂದಳು.

ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅತ್ತೆ! ನಿಮ್ಮನ್ನೇ ನೆನೀತಿದ್ದೆ," ಎಂದಳು ಕೆಂಡ್ರಾ. "ನಾಳೆ ಚರ್ಚಿನ ಊಟಕ್ಕೆ ಅದೇ ಸಾಲಡ್ ಒಯ್ತಿದ್ದೀನಿ. ಈ ಸಲ ಹುಳಿ ಕಡಿಮೆ."

"ಮುಚ್ಚಳ ತೆಗೆದಿದ್ದೀಯಾ?"

"ಇನ್ನೂ ಇಲ್ಲ."

"ತೆಗೀಬೇಡ. ಎಲ್ಲಾ ಸೀಸೆನೂ ಹಾಗೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕಸಕ್ಕಿಡು."

"ಲೊರೀನ್ ಅಕ್ಕ ಹೇಳಿಸ್ತಿದ್ದಾರಾ ಅತ್ತೆ?"

ಅಮ್ಮ ನನ್ನ ಕಡೆ ನೋಡಿದಳು.

"ಯಾರೂ ಹೇಳಿಸ್ತಿಲ್ಲ. ಸೀಸೆ ತುಂಬಿದವಳು ನಾನು, ಹೇಳ್ತಿರೋಳೂ ನಾನೇ. ನಿನ್ನ ಅಡುಗೆಯಲ್ಲಿ ತಪ್ಪಿರ್ಲಿಲ್ಲಮ್ಮ. ಈಗ್ಲೇ ಹಾಕು, ನಾನು ಕೇಳಿಸ್ಕೋತಿರ್ತೀನಿ."

ಫೋನಿನೊಳಗೆ ಪೆಟ್ಟಿಗೆ ಎಳೆದ ಸದ್ದು. ಪ್ಲಾಸ್ಟಿಕ್ ಚೀಲದ ಸರಪರ. ಮೊದಲ ಸೀಸೆ ಇಳಿಯಿತು, ಎರಡನೆಯದು ಅದಕ್ಕೆ ತಾಗಿ ಟಣ್ ಎಂದಿತು. ಅಮ್ಮನ ಕೈ ಬೆಚ್ಚಿ ಮೇಲೆದ್ದಿತು.

"ಮೆಲ್ಲಗೆ ಇಡು ತಾಯಿ," ಎಂದಳು. "ಒಡೆದುಹೋದಾವು."